ಹಾರ್ನಿನಿಂದ ಬಾಕ್ಸಿಗೆ: ಭಾಗವತರ ಕಂಠ ಹಿಡಿದ ದಾರಿ



ಬಂಟ್ವಾಳದ ಕಡೆಯ ಗದ್ದೆಯೊಂದರಲ್ಲಿ ಈ ರಾತ್ರಿ ಆಟ ಇದೆ ಎಂಬುದು ಪಕ್ಕದ ಊರಿಗೆ ಹಿಂದೆ ಹೇಗೆ ತಿಳಿಯುತ್ತಿತ್ತು ಬಲ್ಲಿರಾ? ಮುಸ್ಸಂಜೆಗೆ ‘ಕೇಳಿ’ ಬಾರಿಸುತ್ತಿದ್ದರು. ಚೆಂಡೆಯ ಪೆಟ್ಟು ಗುಡ್ಡದಿಂದ ಗುಡ್ಡಕ್ಕೆ ದಾಟಿ, ತೋಟದ ನಡುವಿನ ಮನೆಗಳಿಗೆ ಮುಟ್ಟುತ್ತಿತ್ತು. ಊಟ ಮುಗಿಸಿದವರು ಸೂಟೆ ಹಿಡಿದು ಆ ಸದ್ದಿನ ಕಡೆಗೆ ನಡೆಯುತ್ತಿದ್ದರು. ಆ ಚೆಂಡೆಗೆ ಮೈಕ್ ಇರಲಿಲ್ಲ. ರಾತ್ರಿಯಿಡೀ ಅದರ ಜೊತೆಗೇ ಹಾಡಬೇಕಾದ ಭಾಗವತರಿಗೂ ಇರಲಿಲ್ಲ.

ಇದನ್ನು ನೆನಪಿಸಲು ಕಾರಣವಿದೆ. ಗಿಟಾರ್ ನುಡಿಸುವವರ ಲೋಕದಲ್ಲಿ ಎಂದೂ ಮುಗಿಯದ ಚರ್ಚೆಯೊಂದಿದೆ: ಯಾವ ಆಂಪ್ಲಿಫಯರ್ ಒಳ್ಳೆಯದು? 1930ರ ದಶಕದಲ್ಲಿ ಅಮೆರಿಕದ ನೃತ್ಯಮಂದಿರಗಳಲ್ಲಿ ಕಹಳೆಗಳ ಅಬ್ಬರದ ನಡುವೆ ಗಿಟಾರಿನ ತಂತಿ ಕೇಳಿಸುತ್ತಲೇ ಇರಲಿಲ್ಲ. ಕೇಳಿಸಿದರೆ ಸಾಕು ಎಂದು ಅದಕ್ಕೆ ಆಂಪ್ಲಿಫಯರ್ ಜೋಡಿಸಿದರು. 1960ರ ದಶಕದ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಎಂಬ ಅಂಗಡಿಕಾರ ಆಳೆತ್ತರದ ಪೆಟ್ಟಿಗೆಗಳನ್ನು ಕಟ್ಟಿಕೊಟ್ಟ. 100 ವಾಟ್ ಇದ್ದರೂ ಸಾಲದೆನ್ನುವ ಹುಡುಗರು ಹುಟ್ಟಿಕೊಂಡರು. ಮುಂದೆ ಅವರಲ್ಲೇ ಹಲವರು ವಯಸ್ಸಾಗುತ್ತ, ಒಂದೇ ಕೈಯಲ್ಲಿ ಎತ್ತಬಹುದಾದ ಹಳೆಯ ವಾಲ್ವ್ ಪೆಟ್ಟಿಗೆಯ ಮೃದು ದನಿಯನ್ನು ಹುಡುಕಿಕೊಂಡು ಹೋದರು. ಮೊದಲು ಕೇಳಿಸಬೇಕು, ಆಮೇಲೆ ಜೋರಾಗಿ ಕೇಳಿಸಬೇಕು, ಕಡೆಗೆ ಚೆನ್ನಾಗಿ ಕೇಳಿಸಬೇಕು. ಕಿವಿಯ ಆಸೆ ಹಿಡಿದ ದಾರಿ ಇದು.

ಗಿಟಾರ್ ಕರಾವಳಿಗೆ ಹೊಸದೇನಲ್ಲ. ಇಗರ್ಜಿಯ ಗಾಯನ ಮಂಡಳಿಯಲ್ಲಿ, ಮದುವೆ ಮನೆಯ ಬ್ಯಾಂಡಿನಲ್ಲಿ ಅದು ಎಷ್ಟೋ ಕಾಲದಿಂದ ಇದೆ. ಆದರೆ ಇದೇ ದಾರಿಯನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಯಲುಗಳಲ್ಲಿ ಹಿಮ್ಮೇಳದ ಜೊತೆ ಕುಳಿತು ಸವೆಸಿದವರು ತೆಂಕುತಿಟ್ಟಿನ ಭಾಗವತರು.

ಮೈಕ್ ಇಲ್ಲದ ದಿನಗಳ ಲೆಕ್ಕಾಚಾರ ನೋಡಿ. ತೆರೆದ ಬಯಲಲ್ಲಿ ದೂರ ಇಮ್ಮಡಿಯಾದಂತೆಲ್ಲ ಧ್ವನಿಯ ಮಟ್ಟ 6 ಡೆಸಿಬಲ್ಲಿನಷ್ಟು ಇಳಿಯುತ್ತದೆ. ಐದು ಮೀಟರಿನಲ್ಲಿ ಗಟ್ಟಿಯಾಗಿದ್ದ ದನಿ ನಲವತ್ತು ಮೀಟರ್ ದಾಟುವ ಹೊತ್ತಿಗೆ 18 ಡೆಸಿಬಲ್ ಕಳೆದುಕೊಂಡಿರುತ್ತದೆ. ನಡುವೆ ಚೆಂಡೆ ಬೇರೆ. ಹಾಗಾಗಿ ಹಿಂದಿನ ಭಾಗವತರು ಶ್ರುತಿಯನ್ನು ಏರಿಸಿಯೇ ಹಾಡಿದರು. ಏರು ದನಿ ಚೆಂಡೆಯ ಸದ್ದಿನ ಮೇಲಿನಿಂದ ಹಾದು ಹೋಗುತ್ತದೆ; ತಗ್ಗು ದನಿ ಅದರ ಅಡಿಯಲ್ಲಿ ಹೂತು ಹೋಗುತ್ತದೆ. ಅಕ್ಷರಗಳನ್ನು ಒಡೆದು ಒಡೆದು ಹೇಳುವುದು, ಎಳೆತವನ್ನು ಕಡಿಮೆ ಮಾಡುವುದು, ಪದ್ಯದ ಕೊನೆಯನ್ನು ಎತ್ತಿ ನಿಲ್ಲಿಸುವುದು ಇವೆಲ್ಲ ಶೈಲಿ ಎಂದು ಹೆಸರಾದವು. ಶೈಲಿ ಹೌದು, ಆದರೆ ಅದರ ಅರ್ಧವನ್ನು ರೂಪಿಸಿದ್ದು ಬಯಲು.

ಡೇರೆ ಮೇಳಗಳು ಬಂದ ಮೇಲೆ ಪರಿಸ್ಥಿತಿ ಬೇರೆಯಾಯಿತು. ಟಿಕೇಟು ಕೊಟ್ಟು ಬಂದವರಲ್ಲಿ ಮುಂದಿನ ಕುರ್ಚಿಯವರೂ ಇದ್ದರು, ಹಿಂದೆ ನೆಲದಲ್ಲಿ ಕುಳಿತವರೂ ಇದ್ದರು. ದುಡ್ಡು ಕೊಟ್ಟವನಿಗೆ ಕೇಳಿಸಲೇಬೇಕು. ಜನರೇಟರ್ ಬಂತು, ಗ್ಯಾಸ್‌ಲೈಟಿನ ಜಾಗಕ್ಕೆ ಬಲ್ಬು ಬಂತು, ಅದೇ ತಂತಿಯ ಬೆನ್ನಿಗೆ ಮೈಕೂ ಬಂತು. ತೆಂಗಿನ ಮರಕ್ಕೋ ಕಂಬಕ್ಕೋ ಕಟ್ಟಿದ ಹಾರ್ನ್ ಸ್ಪೀಕರು ಹಳ್ಳಿಗೆ ಹಬ್ಬದ ಗುರುತಾಯಿತು. ಅಹುಜಾ ಎಂಬ ಹೆಸರನ್ನು ಮೈಕ್ ಸೆಟ್ಟಿನ ಪೆಟ್ಟಿಗೆಯ ಮೇಲೆ ಓದದ ಮಕ್ಕಳು ಈ ಕಡೆ ಕಡಿಮೆ.

ಹಾರ್ನಿನ ಗುಣ ವಿಚಿತ್ರ. ಸಣ್ಣ ಆಂಪ್ಲಿಫಯರ್ ಇದ್ದರೂ ಅದು ಸದ್ದನ್ನು ಬಲು ದೂರ ಎಸೆಯುತ್ತದೆ. ಆದರೆ ತಗ್ಗಿನ ಸ್ವರಗಳು ಅದರ ಬಾಯಿಂದ ಹೊರಡುವುದೇ ಇಲ್ಲ. ಮದ್ದಳೆಯ ಗುಂಕಾರ ಅದರಲ್ಲಿ ಡಬ್ಬ ಬಡಿದಂತೆ. ಮನುಷ್ಯ ಕಂಠ ಮೂಗಿನಿಂದ ಬಂದಂತೆ. ಆದರೂ ಏರು ಶ್ರುತಿಯ ಭಾಗವತರಿಗೆ ಹಾರ್ನು ಅಷ್ಟೇನೂ ಕೆಟ್ಟದಾಗಲಿಲ್ಲ. ಅವರ ದನಿ ಯಾವ ಎತ್ತರದಲ್ಲಿತ್ತೋ ಹಾರ್ನು ಒಪ್ಪುತ್ತಿದ್ದುದೂ ಬಹುಮಟ್ಟಿಗೆ ಅದೇ ಎತ್ತರವನ್ನು. ಮೈಕಾಸುರ ಎಂದು ಬೈದವರು ಬೈದರು. ಆದರೆ ಒಂದು ಮೈಲು ದೂರದ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ ಮುದುಕಿಗೂ ದೇವಿಮಹಾತ್ಮೆಯ ಪದ್ಯ ಕೇಳಿಸಿದ್ದು ಹಾರ್ನಿನಿಂದಲೇ. ಆ ಉಪಕಾರವನ್ನು ಮರೆಯಬಾರದು.

ಮೈಕ್ ಮಾಡಿದ ನಿಜವಾದ ಕೆಲಸ ಮಾತ್ರ ಸದ್ದನ್ನು ದೊಡ್ಡದು ಮಾಡಿದ್ದಲ್ಲ. ಸಣ್ಣದಾಗಿ ಹಾಡಲು ಅದು ಅನುಮತಿ ಕೊಟ್ಟಿತು. ಅಮೆರಿಕದಲ್ಲಿ 1930ರ ಹೊತ್ತಿಗೆ ಬಿಂಗ್ ಕ್ರಾಸ್ಬಿಯಂಥ ಗಾಯಕರು ಮೈಕಿನ ಹತ್ತಿರ ನಿಂತು ಕಿವಿಯಲ್ಲಿ ಹೇಳಿದಂತೆ ಹಾಡಿ ಮನೆಮಾತಾದರು. ಅದಕ್ಕೆ ಮೊದಲು ರಂಗದಲ್ಲಿ ಹಾಗೆ ಹಾಡಿದರೆ ಮೂರನೆಯ ಸಾಲಿಗೂ ಕೇಳುತ್ತಿರಲಿಲ್ಲ. ಯಕ್ಷಗಾನದಲ್ಲೂ ಹೀಗೇ ಆಯಿತು. ಶ್ರುತಿ ಇಳಿಸಿದರೂ ನಡೆಯುತ್ತದೆ ಎಂದಾದಾಗ ರಾಗಕ್ಕೆ ಜಾಗ ಸಿಕ್ಕಿತು. ಕರ್ಣಾಟಕ ಮೇಳದ ದಾಮೋದರ ಮಂಡೆಚ್ಚರು ಶಾಸ್ತ್ರೀಯ ಸಂಗೀತದ ರಾಗಗಳ ಸೊಬಗನ್ನು ಪದ್ಯಕ್ಕೆ ತಂದು ಜನರನ್ನು ಸೆಳೆದರು. ಅವರ ಪ್ರತಿಭೆ ಅವರದೇ. ಆದರೆ ಗಮಕದ ನಯ ಡೇರೆಯ ಕಟ್ಟಕಡೆಯ ಸಾಲಿಗೂ ತಲುಪಲು ಮೈಕೇ ಬೇಕಿತ್ತು. ತಾಳಮದ್ದಳೆಯಲ್ಲೂ ಅಷ್ಟೆ: ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತಿನ ಮೊನೆ, ವ್ಯಂಗ್ಯದ ಸಣ್ಣ ತಿರುವು, ಒಂದು ಕ್ಷಣದ ಮೌನ ಇವು ದೊಡ್ಡ ಸಭೆಗೆ ದಕ್ಕಿದ್ದು ಮೈಕಿನ ಮೂಲಕ.

ಮೈಕಿನ ಈ ಗುಣ ಬೇರೆ ವಾದ್ಯಗಳಲ್ಲೂ ಕಾಣುತ್ತದೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕದ್ರಿ ಗೋಪಾಲನಾಥರನ್ನೇ ತೆಗೆದುಕೊಳ್ಳಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ದೇವಸ್ಥಾನದ ಅಂಗಳಕ್ಕೆ ಒಗ್ಗಿದ, ಯಾವ ಯಂತ್ರದ ಹಂಗೂ ಇಲ್ಲದ ವಾದ್ಯ ಅದು. ಮಗ ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಕೇಳಿ ಮನಸೋತ ಸ್ಯಾಕ್ಸೋಫೋನೂ ಬಯಲಿನ ದನಿಯದೇ. ಅದನ್ನು ಕಛೇರಿಗೆ ತಂದು, ಪಕ್ಕದ ಪಿಟೀಲಿಗೆ ಅನ್ಯಾಯವಾಗದಂತೆ ನುಡಿಸಿ, 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದವರೆಗೆ ಅವರು ಕೊಂಡೊಯ್ದರು. ಅಬ್ಬರದ ವಾದ್ಯವನ್ನು ಪಳಗಿಸುವುದೂ, ಸಣ್ಣ ದನಿಯ ಪಿಟೀಲನ್ನು ಅದರ ಸಮಕ್ಕೆ ಏರಿಸುವುದೂ ಒಂದೇ ವೇದಿಕೆಯಲ್ಲಿ ನಡೆಯುವುದಾದರೆ ನಡುವೆ ಮೈಕಿನವನ ಕೈಯೂ ಇರುತ್ತದೆ.

ಮತ್ತೆ ಆಟಕ್ಕೆ ಬರೋಣ. ಕ್ಯಾಸೆಟ್ಟಿನ ಕಾಲದಲ್ಲಿ ಜನರ ಕಿವಿ ಇನ್ನೊಮ್ಮೆ ಬದಲಾಯಿತು. ಮನೆಯಲ್ಲಿ ಟೇಪ್‌ರೆಕಾರ್ಡರಿನ ಮುಂದೆ ಕುಳಿತವನಿಗೆ ಭಾಗವತರ ಉಸಿರೂ ಕೇಳಿಸತೊಡಗಿತು. ಅಂಥವನು ಆಟಕ್ಕೆ ಬಂದು ಹಾರ್ನಿನ ಕಿರಿಚಾಟ ಕೇಳಿದರೆ ಮುಖ ಸಿಂಡರಿಸದೆ ಇರುತ್ತಾನೆಯೇ? ಹಾರ್ನು ಹೋಗಿ ಬಾಕ್ಸ್ ಸ್ಪೀಕರು ಬಂತು. ಬಾಕ್ಸಿನಲ್ಲಿ ಮದ್ದಳೆಗೆ ಮೈ ಬಂತು, ಕಂಠಕ್ಕೆ ಎದೆ ಬಂತು. ಜೊತೆಗೆ ಎಕೋ ಎಂಬ ಗುಂಡಿಯೂ ಬಂತು. ಗುಹೆಯೊಳಗಿಂದ ಹಾಡಿದಂತೆ ದನಿ ತೇಲಿಸುವುದು ಒಂದು ಕಾಲದ ಮೋಹ. ಪದ್ಯದ ಅಕ್ಷರ ಒಂದರ ಮೇಲೊಂದು ಬಿದ್ದು ಸಾಹಿತ್ಯವೇ ಕರಗಿದರೂ ಕೇಳುವವರಿಗೆ ಅದೇ ಹಿತ. ಅಲ್ಲಿಯವರೆಗೆ ಪುಂಗಿ, ಆಮೇಲೆ ಹಾರ್ಮೋನಿಯಂ ಕೊಡುತ್ತಿದ್ದ ಶ್ರುತಿಯ ಜಾಗಕ್ಕೂ ಯಂತ್ರ ಬಂತು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತಯಾರಿಸಿದ್ದು ಕಛೇರಿ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡೇ; ಅಂಥ ಪೆಟ್ಟಿಗೆಗಳು ಮೆಲ್ಲಗೆ ರಂಗಸ್ಥಳವನ್ನೂ ಹತ್ತಿದವು.

ಭಾಗವತರಿಗೆ ಸಿಕ್ಕಿದ ಮೇಲೆ ಮದ್ದಳೆಗೆ ಬೇಡವೇ? ಮದ್ದಳೆಗೆ ಇಟ್ಟ ಮೇಲೆ ಚೆಂಡೆಗೆ? ಗುಡ್ಡ ದಾಟಿ ಕೇಳುತ್ತಿದ್ದ ಚೆಂಡೆಯ ಮುಂದೂ ಮೈಕ್ ನಿಂತಿತು. ಯಕ್ಷಗಾನದ ಧ್ವನಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಮಾಷೆ ಇಲ್ಲ. ಚೆಂಡೆ ಏರಿದಾಗ ತನ್ನ ಕಂಠ ತನಗೇ ಕೇಳದೆ ಭಾಗವತರು ತಮ್ಮ ಕಡೆಗೆ ತಿರುಗಿಸಿದ ಮಾನಿಟರ್ ಕೇಳಿದರು. ಮಾನಿಟರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಕುಂಯ್ ಎಂದು ಕೂಗಿತು. ಅದನ್ನು ಮೀರಿಸಲು ಆಂಪ್ಲಿಫಯರ್ ದೊಡ್ಡದಾಯಿತು. ಇಲ್ಲೊಂದು ಗುಟ್ಟಿದೆ: 50 ವಾಟನ್ನು 500 ಮಾಡಿದರೆ ಸದ್ದು ಹತ್ತು ಪಟ್ಟು ಕೇಳುವುದಿಲ್ಲ. ಮನುಷ್ಯನ ಕಿವಿಗೆ ಅದು ಸುಮಾರು ಇಮ್ಮಡಿ, ಅಷ್ಟೇ. ಬಾಡಿಗೆ ಮತ್ತು ಲಾರಿಯ ಹೊರೆ ಏರಿದಷ್ಟು ಆಟದ ಸುಖ ಏರದಿರುವುದಕ್ಕೆ ಇದೂ ಒಂದು ಕಾರಣ.

ಈ ಎಲ್ಲದರ ನಡುವೆ ಮೂಡುಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು ತಮ್ಮ ಹಾಡಿಕೆಯನ್ನು ಬದಲಿಸಲಿಲ್ಲ. 1938ರಲ್ಲಿ ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿ, ಅದೇ ಹೆಸರಿನ ಅಜ್ಜನಿಂದ ಬಂದ ಪರಂಪರೆಯನ್ನು ಹಿಡಿದು, ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದವರು ಅವರು. ಐದು ದಿನಗಳ ದೇವಿಮಹಾತ್ಮೆ ಪ್ರಸಂಗವನ್ನು ರಚಿಸಿದವರೂ ಹೌದು. ಅವರ ಎದುರು ಮೈಕ್ ಇರಲಿಲ್ಲವೆಂದಲ್ಲ, ಇತ್ತು. ಆದರೆ ಮೈಕ್ ಇಲ್ಲದ ಬಯಲಿಗೆಂದೇ ಕಟ್ಟಿದ ಕಂಠದಲ್ಲಿ ಅವರು ಹಾಡಿದರು. ತುಂಬಾ ಹಳೆಯದು ಎಂದು ಒಮ್ಮೆ ಪಕ್ಕಕ್ಕೆ ಸರಿಸಿದವರೇ ಮುಂದೆ ಬಲಿಪ ಶೈಲಿ ಎಂದು ಅದನ್ನು ಹುಡುಕಿ ಕೇಳಿದರು. 2023ರ ಫೆಬ್ರವರಿ 16ರಂದು ಅವರು ತೀರಿಕೊಂಡಾಗ ಜನ ಮೊದಲು ಕೊಂಡಾಡಿದ್ದು ಆ ಏರು ಶ್ರುತಿಯನ್ನೇ. ಗಿಟಾರಿನವರು ಹಳೆಯ ವಾಲ್ವ್ ಪೆಟ್ಟಿಗೆಗೆ ಮರಳಿದ್ದಕ್ಕೂ ಇದಕ್ಕೂ ಹೋಲಿಕೆ ಇದೆ. ವ್ಯತ್ಯಾಸವೆಂದರೆ ವಾಲ್ವ್ ಅಂಗಡಿಯಲ್ಲಿ ಸಿಗುತ್ತದೆ, ಇಂಥ ಕಂಠ ಸಿಗುವುದಿಲ್ಲ.

ಇಷ್ಟರಲ್ಲಿ ಕಾನೂನು ಬಂತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂದವು. ವರ್ಷದಲ್ಲಿ ಹದಿನೈದು ದಿನ ಮೀರದಂತೆ ನಡುರಾತ್ರಿ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಗೊಳಿಸಿತು. ಬಹುಕಾಲ ಹಳ್ಳಿಯ ಆಟಗಳ ಕಡೆಗೆ ಯಾರೂ ಕಣ್ಣು ಹಾಯಿಸಲಿಲ್ಲ. 2022ರಲ್ಲಿ ಬಿಗಿ ಕ್ರಮ ಶುರುವಾದಾಗ ರಾತ್ರಿಯಿಡೀ ಹರಕೆಯಾಟ ಆಡುತ್ತಿದ್ದ ಕಟೀಲು ಮೇಳಗಳೂ ಕಾಲಮಿತಿಗೆ ಇಳಿಯಬೇಕಾಯಿತು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮೇಳ ಅದಕ್ಕೆ ಮೊದಲೇ ಕಾಲಮಿತಿಯ ದಾರಿ ಹಿಡಿದಿತ್ತು. ಕಟೀಲಿನ ವಿಷಯದಲ್ಲಿ ಭಕ್ತರಿಗೆ ಸಮಾಧಾನವಾಗದೆ ಮಾತು ಹೈಕೋರ್ಟಿನವರೆಗೂ ಹೋಯಿತು.

ಗಮನಿಸಬೇಕಾದ ಮಾತೊಂದಿದೆ. ನಿಯಮ ತಡೆದದ್ದು ಮುಖ್ಯವಾಗಿ ಧ್ವನಿವರ್ಧಕವನ್ನು. ಆಟ ಆಡಬಾರದೆಂದು ಅದು ಎಲ್ಲೂ ಹೇಳಲಿಲ್ಲ. ಕಾಯಿಲೆಯವರು, ಪರೀಕ್ಷೆಗೆ ಓದುವ ಮಕ್ಕಳು ಇರುವ ಊರಿನಲ್ಲಿ ಆ ತಡೆ ತಪ್ಪೆಂದು ಹೇಳುವಂತಿಲ್ಲ. ಆದರೆ ತಲೆಮಾರುಗಳ ಕಾಲ ಧ್ವನಿವರ್ಧಕವೇ ಇಲ್ಲದೆ ಬೆಳಗಿನವರೆಗೆ ನಡೆದ ಕಲೆಗೆ, ಅದನ್ನು ಆರಿಸಿದೊಡನೆ ಮಂಗಳ ಹಾಡುವುದೇ ದಾರಿಯಾಗಿ ಕಂಡಿತು. ಹಾಡುವವರ ತಪ್ಪೆಂದೂ ಇದನ್ನು ಹೇಳಲಾಗದು. ಶ್ರುತಿ ಇಳಿದಿದೆ, ಕಂಠಗಳು ಮೈಕಿನ ಮುಂದೆಯೇ ಬೆಳೆದಿವೆ, ನೋಡುವವರ ಕಿವಿಯೂ ಅದಕ್ಕೇ ಒಗ್ಗಿದೆ. ಮೊದಲಿನಂತೆ ಊರೂ ನಿಶ್ಶಬ್ದವಾಗಿಲ್ಲ, ಬಿ.ಸಿ. ರೋಡಿನ ಹೆದ್ದಾರಿಯ ಪಕ್ಕದಲ್ಲಿ ಯಾವ ಭಾಗವತರು ಬರಿಯ ಗಂಟಲಿನಿಂದ ಲಾರಿಗಳನ್ನು ಗೆಲ್ಲಬಲ್ಲರು?

ಮಳೆಗಾಲದಲ್ಲಿ ಮಾತ್ರ ಬೇರೆ ನೋಟವಿದೆ. ಪತ್ತನಾಜೆ ಕಳೆದು ಮೇಳಗಳು ತಿರುಗಾಟ ಮುಗಿಸಿದ ಮೇಲೆ ಚಿಕ್ಕಮೇಳಗಳು ಹೊರಡುತ್ತವೆ. ಇಬ್ಬರು ವೇಷಧಾರಿಗಳು, ಒಬ್ಬ ಭಾಗವತರು, ಮದ್ದಳೆ, ಚೆಂಡೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯಿಂದ ಮನೆಗೆ ಹೋಗಿ ಚಾವಡಿಯಲ್ಲಿ ಒಂದು ಸಣ್ಣ ಕಥಾಭಾಗ ಆಡಿ, ಕಾಣಿಕೆ ಪಡೆದು, ಕೊಡೆ ಬಿಡಿಸಿ ಮುಂದಿನ ಮನೆಗೆ ನಡೆಯುತ್ತಾರೆ. ಅಷ್ಟು ಚಿಕ್ಕ ಚಾವಡಿಗೆ ಆಂಪ್ಲಿಫಯರ್ ಬೇಕಿಲ್ಲ. ಹೊರಗೆ ಹೆಂಚಿನ ಮೇಲೆ ಮಳೆ ಹೊಯ್ಯುತ್ತಿದ್ದರೆ ಭಾಗವತರು ಶ್ರುತಿಯನ್ನು ತುಸು ಏರಿಸಿಕೊಳ್ಳುತ್ತಾರೆ.