ಹೆಗಲಿಗೆ ಒಪ್ಪುವ ಬಂದೂಕು

ಬಂದೂಕು ಎಂದೊಡನೆ ನಮ್ಮ ಸೀಮೆಯವರ ಮನಸ್ಸು ಹಲಗಲಿಗೆ ಹೋಗುತ್ತದೆ. 1857ರ ನವೆಂಬರಿನಲ್ಲಿ, ಇದ್ದಬದ್ದ ಆಯುಧಗಳನ್ನೆಲ್ಲ ತಂದೊಪ್ಪಿಸಬೇಕೆಂಬ ಕುಂಪಣಿ ಸರಕಾರದ ಆಜ್ಞೆಗೆ ಮಣಿಯದೆ, ಮುಧೋಳದ ಕಡೆಯ ಆ ಹಳ್ಳಿಯ ಬೇಡರು ಹೋರಾಡಿ ಮಡಿದ ಕಥೆಯನ್ನು, ಫ್ಲೀಟ್ ಸಾಹೇಬರು ಸಂಗ್ರಹಿಸಿದ ಲಾವಣಿಯ ಮೂಲಕ ಶಾಲೆಯ ಮಕ್ಕಳೂ ಬಲ್ಲರು. ಆಯುಧವನ್ನು ಕೈಬಿಡಲೊಲ್ಲದವರ ಕಥೆ ಅದು. ಕೈಗೂ ಆಯುಧಕ್ಕೂ ಇರುವ ನಂಟನ್ನು ನಾನು ಇಂದು ಬೇರೊಂದು ಕಡೆಯಿಂದ ನೋಡಬೇಕೆಂದಿದ್ದೇನೆ. ಬಂದೂಕಿನ ಅಂಗಗಳನ್ನು ಒಂದೊಂದಾಗಿ ಆರಿಸಿ ಜೋಡಿಸುವವನು ಯಾವುದನ್ನು ನೋಡಿ ಆರಿಸಬೇಕು? ಅಂಗಡಿಯ ಗಾಜಿನಾಚೆ ಹೊಳೆಯುವುದನ್ನೋ, ಅದನ್ನು ಹಿಡಿಯಲಿರುವ ಮೈಯನ್ನೋ?

ಹುಕ್ಕೇರಿಯ ನಮ್ಮ ಹಳೆಯ ಮನೆಯಲ್ಲಿ ಒಂದು ಕೇಪಿನ ಬಂದೂಕಿತ್ತು. ಬೆಳೆಗೆ ಬೀಳುವ ಹಂದಿಗಳನ್ನು ಬೆದರಿಸಲೆಂದು ಅಜ್ಜನಿಗೆ ಲೈಸೆನ್ಸು ಸಿಕ್ಕಿತ್ತು. ನಳಿಗೆಯ ಬಾಯಿಂದಲೇ ಮದ್ದು, ಚಿಂದಿ, ಚರೆಗಳನ್ನು ತುಂಬಿ ಗಜದಿಂದ ಜಡಿಯಬೇಕಾದ ಆಯುಧ ಅದು. ಒಮ್ಮೆ ಅದರ ಕಟ್ಟಿಗೆಯ ಹಿಡಿ ಸೀಳಿದಾಗ, ಹೊಸದನ್ನು ಕೆತ್ತಿದ ಬಡಿಗನು ಹಳೆಯ ಹಿಡಿಯನ್ನು ಅಳೆಯಲಿಲ್ಲವಂತೆ. ಅಜ್ಜನ ಮೊಳಕೈಯ ಮಡಿಕೆಯಿಂದ ತೋರುಬೆರಳಿನ ಗೆಣ್ಣಿನವರೆಗೆ ದಾರ ಹಿಡಿದು, ಗಂಟು ಹಾಕಿಕೊಂಡು ಹೋದನಂತೆ. ಹುಡುಗನಾಗಿದ್ದ ನಾನು ಕದ್ದುಮುಚ್ಚಿ ಆ ಬಂದೂಕನ್ನು ಹೆಗಲಿಗೇರಿಸಿದಾಗಲೆಲ್ಲ ಅದು ನನಗೆ ಒಂದು ಗೇಣು ಉದ್ದವಾಗಿರುತ್ತಿತ್ತು. ಅಜ್ಜ ತೀರಿಕೊಂಡ ಮೇಲೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿದೆವು.

ಬಡಿಗನ ಆ ದಾರ ನನಗೆ ಮತ್ತೆ ನೆನಪಾದುದು ತೀರ ಈಚೆಗೆ. 2024ರ ಆಗಸ್ಟ್ 1ರಂದು, ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದರು. ಅವರ ಊರು ಕಂಬಳವಾಡಿ, ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನದು. ಸಂಕೇಶ್ವರ ದಾಟಿ ಹೆದ್ದಾರಿ ಹಿಡಿದರೆ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಅದಕ್ಕೂ ಮುಂಚೆ, 2010ರಲ್ಲಿ, ಕೊಲ್ಹಾಪುರದವರೇ ಆದ ತೇಜಸ್ವಿನಿ ಸಾವಂತ್ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ನೆರೆಯೂರಿನ ಗೆಲುವು ದೂರದ ಗೆಲುವಿನಂತಲ್ಲ. ಅದು ಮನೆಯ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ನನ್ನ ತಂಗಿಯ ಮೊಮ್ಮಗಳು, ಹದಿನಾಲ್ಕರ ಹುಡುಗಿ, ತಾನೂ ಗುರಿಕಾರಳಾಗುವೆನೆಂದು ಹಟ ಹಿಡಿದಳು. ಆ ವರ್ಷದ ಕಬ್ಬಿನ ಬಿಲ್ಲಿನ ಒಂದು ಪಾಲು ಅವಳಿಗಾಗಿ ಎತ್ತಿಟ್ಟದ್ದಾಯಿತು. ಮನೆಯಲ್ಲಿ ಹಿಂದೊಮ್ಮೆ ಬಂದೂಕು ಇತ್ತೆಂಬ ಒಂದೇ ಕಾರಣಕ್ಕೆ ಆರಿಸುವ ಹೊಣೆ ನನ್ನ ಮೇಲೆ ಬಿತ್ತು.

ಕಾನೂನಿನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1959ರ ಆಯುಧ ಕಾಯಿದೆಯ ಪ್ರಕಾರ ಬಂದೂಕಿನ ಬಿಡಿಭಾಗವೂ ಆಯುಧವೇ. ಸಿಡಿಮದ್ದಿನ ರೈಫಲನ್ನು ಮನೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿಕೊಳ್ಳುವ ಹವ್ಯಾಸಕ್ಕೆ ನಮ್ಮ ದೇಶದಲ್ಲಿ ಎಡೆಯಿಲ್ಲ. 4.5 ಮಿಲಿಮೀಟರಿನ ನಳಿಗೆಯ, 20 ಜೌಲ್ ಶಕ್ತಿಯನ್ನು ಮೀರದ ಗಾಳಿಬಂದೂಕಿಗೆ ಮಾತ್ರ 2016ರ ನಿಯಮಗಳು ಲೈಸೆನ್ಸಿನ ವಿನಾಯಿತಿ ಕೊಟ್ಟಿವೆ. ಮಕ್ಕಳ ಕಲಿಕೆ ಶುರುವಾಗುವುದು ಅದರಿಂದಲೇ.

ನಾವು ಕೊಂಡದ್ದು ಯಾರೋ ಬಳಸಿದ್ದ ಜರ್ಮನ್ ಗಾಳಿಬಂದೂಕು. ನಾನು ಅದರ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಹೊಳಪಿಗೆ ಮೆಚ್ಚಿದೆ. ನೋಡಬೇಕಾಗಿದ್ದುದು ಅದರ ಕೆಳಗಿನ ಸಿಲಿಂಡರನ್ನು. ಅದರೊಳಗೆ ಗಾಳಿಯನ್ನು ವಾತಾವರಣದ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬುತ್ತಾರೆ. ಆದುದರಿಂದ ಅದಕ್ಕೊಂದು ಆಯುಷ್ಯವುಂಟು, ಸಾಮಾನ್ಯವಾಗಿ ಹತ್ತು ವರ್ಷ. ತಾರೀಖನ್ನು ಅದರ ಮೈಮೇಲೆಯೇ ಕೊರೆದಿರುತ್ತಾರೆ. ನಮ್ಮದರ ಆಯುಷ್ಯ ಮುಗಿದು ಎರಡು ವರ್ಷವಾಗಿತ್ತು. ಮಾರಿದವರನ್ನು ನಾನು ದೂರಲಾರೆ, ಅಂಕಿ ಕಣ್ಣೆದುರಿಗೇ ಇತ್ತು. ಹೊಸ ಸಿಲಿಂಡರಿಗೆ ತೆತ್ತ ಹಣ, ಹುಡುಗಿಯ ದಪ್ಪ ಕ್ಯಾನ್ವಾಸಿನ ಅಂಗಿಗೆಂದು ಇಟ್ಟದ್ದಾಗಿತ್ತು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಬಂದೂಕು ಭಾರವಾದಷ್ಟೂ ನಿಶ್ಚಲವೆಂದು ಕೇಳಿದ್ದೆ. ಸ್ಪರ್ಧೆಯ ನಿಯಮ ಐದೂವರೆ ಕಿಲೋವರೆಗೆ ಅವಕಾಶ ಕೊಡುತ್ತದೆ. ಅವಕಾಶವಿದ್ದಲ್ಲಿ ಬಿಡುವುದೇಕೆ ಎಂದು ನಳಿಗೆಯ ತುದಿಗೆ ಉಕ್ಕಿನ ತೂಕಗಳನ್ನು ಕೊಂಡು ಪೋಣಿಸಿದೆ. ನೋಡಲು ಬಲು ಗಂಭೀರ! ಎರಡು ತಿಂಗಳಲ್ಲಿ ಹುಡುಗಿಯ ಅಂಕಗಳು ಇಳಿದವು. ಮೂರನೆಯ ತಿಂಗಳು ಅವಳು ಬೆನ್ನು ನೋವೆಂದು ಅಭ್ಯಾಸಕ್ಕೆ ಹೋಗಲೊಲ್ಲೆನೆಂದಳು. ಅಭ್ಯಾಸ ಸಾಲದೆಂದು ನಾನು ಗದರಿದ್ದೂ ಉಂಟು. ಆ ಗದರಿಕೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳ ತರಬೇತುದಾರರು ಒಂದು ದಿನ ನನ್ನನ್ನು ಕರೆದು, ಹುಡುಗಿಯನ್ನು ಕಣ್ಣು ಮುಚ್ಚಿಸಿ ನಿಲ್ಲಿಸಿ, ಬಂದೂಕನ್ನು ಹೆಗಲಿಗೇರಿಸಲು ಹೇಳಿದರು. ಬಳಿಕ ಕಣ್ಣು ತೆರೆಯಿಸಿದರು. ಇಣುಕುಕಂಡಿ ಅವಳ ಕಣ್ಣಿಗಿಂತ ಎರಡು ಬೆರಳು ಕೆಳಗಿತ್ತು. ಇಷ್ಟು ದಿನ ಅವಳು ಕತ್ತನ್ನು ಬಗ್ಗಿಸಿ ಬಂದೂಕಿನ ಬಳಿಗೆ ಹೋಗುತ್ತಿದ್ದಳು. ಬಂದೂಕು ಅವಳ ಬಳಿಗೆ ಬಂದಿರಲಿಲ್ಲ.

ಅಂದು ಮಧ್ಯಾಹ್ನವೆಲ್ಲ ನಾವು ತಿರುಪುಗಳನ್ನು ಸಡಿಲಿಸುತ್ತ ಕುಳಿತೆವು. ಮೊಳಕೈಯಿಂದ ಬೆರಳಿಗೆ ದಾರ ಹಿಡಿದೆ. ಹೆಗಲಪಟ್ಟಿಯನ್ನು ಎರಡು ಅಂಗುಲ ಮುಂದಕ್ಕೆ ತರಬೇಕಾಯಿತು. ಕೆನ್ನೆಪಟ್ಟಿಯನ್ನು ಕೆಳಗಿಳಿಸಿ ಇಣುಕುಕಂಡಿಯನ್ನು ಎತ್ತರದ ಪೀಠದ ಮೇಲೆ ಕೂರಿಸಿದಾಗ ಅವಳ ತಲೆ ನೆಟ್ಟಗೆ ನಿಂತಿತು. ನಿಂತು ಗುರಿಯಿಡುವವರು ಎಡಮೊಳಕೈಯನ್ನು ಸೊಂಟದ ಎಲುಬಿನ ಮೇಲೆ ಊರುತ್ತಾರೆ. ಭಾರವನ್ನು ಹೊರಬೇಕಾದುದು ಎಲುಬು, ಸ್ನಾಯುವಲ್ಲ. ಅವಳ ತೋಳು ಅಲ್ಲಿಗೆ ಎಟಕುವಂತೆ ಅಂಗೈಯ ಆಸರೆಯನ್ನು ಒಂದಿಷ್ಟು ತಗ್ಗಿಸಿದೆವು. ನಾನು ಮೆಚ್ಚಿ ತಂದ ಉಕ್ಕಿನ ತೂಕಗಳನ್ನೆಲ್ಲ ಬಿಚ್ಚಿದೆವು. ಅವು ಈಗ ನನ್ನ ಮೇಜಿನ ಮೇಲಿನ ಕಾಗದಗಳು ಹಾರದಂತೆ ಕಾಯುತ್ತಿವೆ.

ಗುರಿಯುಂಗುರದಲ್ಲಿಯೂ ಇದೇ ಪಾಠ. ಹತ್ತು ಮೀಟರ್ ದೂರದ ಗುರಿಹಲಗೆಯ ಕಪ್ಪುವೃತ್ತ 30.5 ಮಿಲಿಮೀಟರಿನದು, ಅದರ ನಡುವಿನ ಹತ್ತರ ಚುಕ್ಕೆ ಕೇವಲ ಅರ್ಧ ಮಿಲಿಮೀಟರು. ಕಪ್ಪನ್ನು ಬಿಗಿಯಾಗಿ ಸುತ್ತುವ ಸಣ್ಣ ಉಂಗುರವೇ ನಿಖರವೆಂದು ಯಾರಿಗಾದರೂ ತೋರುತ್ತದೆ. ಆದರೆ ಸಣ್ಣ ಉಂಗುರದೊಳಗೆ ಕೈಯ ಪ್ರತಿಯೊಂದು ನಡುಕವೂ ದೊಡ್ಡದಾಗಿ ಕಂಡು, ಹೆದರಿದ ಬೆರಳು ಕುದುರೆಯನ್ನು ಕಿತ್ತು ಎಳೆಯುತ್ತದೆ. ಸುತ್ತಲೂ ತುಸು ಬೆಳಕು ಬಿಡುವ ದೊಡ್ಡ ಉಂಗುರ ಕಲಿಯುವವರಿಗೆ ಲೇಸು. ಗುಂಡುಗಳ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ: 4.49, 4.50 ಎಂದು ಮಿಲಿಮೀಟರಿನ ನೂರನೆಯ ಪಾಲಿನ ಭೇದದಿಂದ ಮಾರುತ್ತಾರೆ, ಯಾವುದು ತನಗೆ ಹಿತವೆಂಬುದನ್ನು ಹೊಡೆದು ನೋಡಿದ ಮೇಲೆ ನಳಿಗೆಯೇ ಹೇಳುತ್ತದೆ.

ಎಲ್ಲ ಆರಿಸಿಯಾದ ಮೇಲೂ ಒಂದು ಭಯ ಇದ್ದೇ ಇರುತ್ತದೆ. 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರ ಬಂದೂಕು, 2016ರಲ್ಲಿ ರಿಯೋದ ಅಂತಿಮ ಸುತ್ತಿಗೆ ತುಸು ಮುಂಚೆ ಕೆಳಗೆ ಬಿದ್ದು, ಗುರಿಸಾಧನ ಮುರಿಯಿತು. ಬೇರೆಯದನ್ನು ಹಾಕಿಕೊಂಡು ಹೊಡೆದ ಅವರು ನಾಲ್ಕನೆಯವರಾದರು. ಆ ಸುದ್ದಿ ಓದಿದಂದಿನಿಂದ ನಮ್ಮ ಹುಡುಗಿ ತನ್ನ ಬಂದೂಕನ್ನು ಸ್ಟೂಲಿನ ಮೇಲೆ ಇಡುವುದಿಲ್ಲ. ಪ್ರತಿಯೊಂದು ತಿರುಪಿನ ಸ್ಥಾನವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ.

ಅಂಗಿಯನ್ನು ಇನ್ನೂ ಹೊಲಿಸಿಲ್ಲ. ಹಣ ಈಗ ಇದೆ. ಆದರೆ ಆ ಅಂಗಿಯನ್ನು ಮೈಯಳತೆಗೆ ಬಿಗಿಯಾಗಿ ಹೊಲಿಯಬೇಕು, ಹುಡುಗಿಯೋ ಬೆಳೆಯುತ್ತಿದ್ದಾಳೆ. ಯುಗಾದಿಯಿಂದ ಈಚೆಗೆ ಹೆಗಲಪಟ್ಟಿಯನ್ನು ಎರಡು ಸಲ ಹಿಂದಕ್ಕೆ ಸರಿಸಿದ್ದೇವೆ.