ಮೋಟಾರಿನ ಹಾರನ್ ಮೂಕವಾದಾಗ
(ವಾಹನ ಇಟ್ಟುಕೊಂಡಿರುವ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜೋಪಚಾರದ ಮಾತು ಹೇಳಬೇಕಾದವನು ಹಾರನ್ನಿನ ಮಾತು ತೆಗೆದನಲ್ಲ ಎಂದು ತಮಗೆ ಆಶ್ಚರ್ಯವಾಗಬಹುದು. ನಾನು ಓದಿರುವುದು ಕೃಷಿ ಡಿಪ್ಲೊಮಾ. ಮೋಟಾರು ಕೆಲಸದಲ್ಲಿ ಪಂಡಿತನಲ್ಲ. ಆದರೂ ಹೇಳಬೇಕಾದ ಕಾರಣವುಂಟು. ಕಳೆದ ಸುಗ್ಗಿಯಲ್ಲಿ ನನ್ನ ಹಳೆಯ ಕಾರಿನಲ್ಲಿ ಬರುತ್ತಿದ್ದೆ. ದಾರಿಯ ಎರಡು ಕಡೆಯೂ ಕಬ್ಬು ಆಳೆತ್ತರ ನಿಂತಿತ್ತು. ತಿರುವಿನಲ್ಲಿ ಶಾಲೆಯ ಹುಡುಗನೊಬ್ಬ ಸೈಕಲ್ಲಿನ ಮೇಲೆ ಎದುರಾದ. ಹಾರನ್ ಒತ್ತಿದೆ, ಸದ್ದೇ ಇಲ್ಲ. ಪುಣ್ಯಕ್ಕೆ ಬ್ರೇಕು ಹಿಡಿಯಿತು. ಹುಡುಗ ಬದುವಿನ ಮೇಲೆ ಉರುಳಿದ, ಮೊಣಕೈ ತರಚಿತು, ಅಷ್ಟೆ. ಅವನ ತಾಯಿ ಓಡಿಬಂದು ಕೇಳಿದ್ದು ಒಂದೇ ಮಾತು: "ಒಂದು ಸದ್ದು ಮಾಡಬಾರದಾಗಿತ್ತೇ, ಸ್ವಾಮಿ?" ಆಕೆಗೆ ನಾನು ಏನು ಹೇಳಲಿ? ಎಂಟು ದಿನಗಳಿಂದ ಹಾರನ್ ಒಮ್ಮೆ ಕೂಗುತ್ತಿತ್ತು, ಒಮ್ಮೆ ಸುಮ್ಮನಿರುತ್ತಿತ್ತು. ಅದು ನನಗೆ ಗೊತ್ತಿತ್ತು.

ಮಾರನೆಯ ದಿನವೇ ಹೊಸ ಹಾರನ್ ಕೊಂಡು ತಂದು ಕೂರಿಸಿದೆ. ಅದೂ ಮೂಕ! ಕೊನೆಗೆ ಪೇಟೆಯ ವೃದ್ಧ ಮೆಕ್ಯಾನಿಕರೊಬ್ಬರು ಬಾನೆಟ್ ಎತ್ತಿ, ಹಾರನ್ ಹಿಡಿದಿದ್ದ ಬೋಲ್ಟನ್ನು ಬಿಚ್ಚಿ, ಎಮರಿ ಕಾಗದದಿಂದ ತುಕ್ಕು ಉಜ್ಜಿದರು. ಹೊಸದನ್ನು ತೆಗೆದಿಟ್ಟು ಹಳೆಯ ಹಾರನ್ನನ್ನೇ ಬಿಗಿದರು, ಜೋರಾಗಿ ಕೂಗಿತು. ಹೊಸದಕ್ಕೆ ಕೊಟ್ಟ ಹಣ ಹೋಯಿತು, ಪಾಠ ಉಳಿಯಿತು.

ಕಡೆಯ ಗದ್ದೆಗೆ ನೀರು ಬಾರದಿದ್ದರೆ ತಾವು ಗದ್ದೆಯನ್ನು ಬಯ್ಯುತ್ತೀರಾ? ಇಲ್ಲ. ಕಾಲುವೆಯ ಗುಂಟ ತೂಬಿನವರೆಗೆ ನಡೆದು, ಎಲ್ಲಿ ಒಡೆದಿದೆ, ಎಲ್ಲಿ ಕಸ ಕಟ್ಟಿದೆ ಎಂದು ನೋಡುತ್ತೀರಿ. ಇದೂ ಹಾಗೆಯೇ. ಬ್ಯಾಟರಿಯೇ ಕೆರೆ. ಅಲ್ಲಿಂದ ವಿದ್ಯುತ್ತು ಫ್ಯೂಸ್ ದಾಟಿ, ರಿಲೇ ಎಂಬ ಚಿಕ್ಕ ಡಬ್ಬಿಯ ಮೂಲಕ ಹಾರನ್ನಿಗೆ ಬರುತ್ತದೆ. ಸ್ಟೀರಿಂಗಿನ ಮೇಲಿನ ಗುಂಡಿ ಬಹುತೇಕ ಕಾರುಗಳಲ್ಲಿ ರಿಲೇಯನ್ನು ಎಬ್ಬಿಸುತ್ತದೆ, ಅಷ್ಟೇ. ಕಾಲುವೆಗೂ ಇದಕ್ಕೂ ಒಂದು ಭೇದವಿದೆ. ನೀರು ಗದ್ದೆಯಲ್ಲಿ ಇಂಗಿದರೆ ಸಾಕು. ವಿದ್ಯುತ್ತು ಮಾತ್ರ ಕಾರಿನ ಮೈಯ ಮೂಲಕ ಬ್ಯಾಟರಿಗೆ ಹಿಂದಿರುಗಲೇಬೇಕು. ಈ ಹಿಂದಿರುಗುವ ದಾರಿಗೆ ಅರ್ತ್ ಎನ್ನುತ್ತಾರೆ. ನನ್ನ ಕಾರಿನಲ್ಲಿ ಕೆಟ್ಟಿದ್ದು ಅದೇ.

ಮೊದಲು ಕಿವಿಗೊಟ್ಟು ಕೇಳಿರಿ. ಕ್ಷೀಣವಾಗಿ ಗೊರಗೊರ ಎಂದರೆ ಬ್ಯಾಟರಿ ಇಳಿದಿರಬಹುದು, ಅರ್ತ್ ಸಡಿಲವಿರಬಹುದು, ಇಲ್ಲವೇ ಹಾರನ್ನಿನೊಳಗೆ ಕೆಸರು ನೀರು ಹೊಕ್ಕಿರಬಹುದು. ಹಾರನ್ನಿನ ಒಳಗೆ ವಿದ್ಯುತ್ಕಾಂತವೊಂದು ತೆಳುವಾದ ಉಕ್ಕಿನ ತಗಡನ್ನು ಸೆಕೆಂಡಿಗೆ ನೂರಾರು ಸಲ ಅದುರಿಸುತ್ತದೆ, ಅದರಿಂದಲೇ ಸದ್ದು. ತಗಡು ತುಕ್ಕು ಹಿಡಿದರೆ ಅದುರದು. ಆದುದರಿಂದ ಬಾಯಿ ಕೆಳಮುಖವಾಗಿರುವಂತೆ ಹಾರನ್ ಕೂರಿಸತಕ್ಕದ್ದು.

ಸ್ವಲ್ಪವೂ ಸದ್ದಿಲ್ಲದಿದ್ದರೆ ಫ್ಯೂಸ್ ನೋಡಿರಿ. ಡಬ್ಬಿಯ ಮುಚ್ಚಳದ ಮೇಲೆ ಹಾರನ್ನಿನ ಗುರುತಿರುತ್ತದೆ. ಒಳಗಿನ ತಂತಿ ಕರಗಿದ್ದರೆ ಅದೇ ಆಂಪಿಯರಿನ ಇನ್ನೊಂದನ್ನು ಹಾಕಿರಿ. ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತುವ ಜಾಣರಿದ್ದಾರೆ. ಬೆಂಕಿಗೆ ಆಹ್ವಾನ ಕೊಡಬೇಡಿರಿ. ಹೊಸ ಫ್ಯೂಸೂ ಕೂಡಲೇ ಹೋದರೆ ತಂತಿ ಎಲ್ಲೋ ಸವೆದು ಮೈಗೆ ತಾಗುತ್ತಿದೆ ಎಂದು ತಿಳಿಯಿರಿ.

ಫ್ಯೂಸ್ ಸರಿಯಿದ್ದರೆ 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿಕೊಳ್ಳಿರಿ. ಹಾರನ್ನಿಗೆ ವಿದ್ಯುತ್ತು ತರುವ ತಂತಿಯನ್ನು ಬಿಡಿಸಿ ಬಲ್ಬಿನ ಒಂದು ತುದಿಗೂ, ಇನ್ನೊಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಕೂಡಿಸಿ, ಮಗನಿಗೋ ತಮ್ಮನಿಗೋ ಗುಂಡಿ ಒತ್ತಲು ಹೇಳಿರಿ. ಬಲ್ಬು ಉರಿದರೆ ವಿದ್ಯುತ್ತು ಅಲ್ಲಿಯವರೆಗೆ ಬಂದಿದೆ; ದೋಷ ಹಾರನ್ನಿನದು ಅಥವಾ ಅರ್ತಿನದು. ಬಿಡಿಸಿದ ತಂತಿಯನ್ನು ಮೊದಲಿನಂತೆ ಕೂಡಿಸಿ, ಬೇರೊಂದು ತಂತಿಯನ್ನು ಬ್ಯಾಟರಿಯ ಮೈನಸ್ಸಿನಿಂದ ಹಾರನ್ನಿನ ಅರ್ತ್ ತುದಿಗೆ, ಒಂದೇ ತಂತಿಯ ಹಾರನ್ನಾದರೆ ಅದರ ಮೈಗೆ, ತಾಗಿಸಿ ಮತ್ತೆ ಒತ್ತಿಸಿರಿ. ಈಗ ಕೂಗಿದರೆ ಅರ್ತಿನ ತುಕ್ಕು ಉಜ್ಜಿ ಬಿಗಿದರೆ ಸಾಕು. ಆಗಲೂ ಕೂಗದಿದ್ದರೆ ಮಾತ್ರ ಹೊಸ ಹಾರನ್ನಿಗೆ ಹಣ ಬಿಚ್ಚಿರಿ.

ಬಲ್ಬೇ ಉರಿಯದಿದ್ದರೆ ಮೇಲಕ್ಕೆ ಹೋಗಿರಿ. ಗುಂಡಿ ಒತ್ತಿದಾಗ ರಿಲೇ ಟಕ್ ಎನ್ನಬೇಕು. ಎನ್ನದಿದ್ದರೆ, ಪಕ್ಕದಲ್ಲಿ ಅದೇ ನಮೂನೆಯ ರಿಲೇ ಇದ್ದಲ್ಲಿ ಅದಲು ಬದಲು ಮಾಡಿ ನೋಡಿರಿ. ಅದಕ್ಕೂ ಬಗ್ಗದಿದ್ದರೆ ಗುಂಡಿಯಲ್ಲೋ ಸ್ಟೀರಿಂಗಿನ ಒಳಗಿನ ತಂತಿಯಲ್ಲೋ ದೋಷವಿರುತ್ತದೆ.

ಇಲ್ಲಿ ಕೈ ತಡೆಯಿರಿ. ಏರ್‌ಬ್ಯಾಗ್ ಇರುವ ಕಾರಿನ ಸ್ಟೀರಿಂಗನ್ನು ಮನೆಯಲ್ಲಿ ಬಿಚ್ಚಲೇ ಕೂಡದು. ಆ ಚೀಲ ಮುಖದ ಮುಂದೆಯೇ ಸಿಡಿದೀತು. ಹಾರನ್ ನಿಂತ ಜೊತೆಗೆ ಏರ್‌ಬ್ಯಾಗಿನ ದೀಪವೂ ಉರಿಯುತ್ತಿದ್ದರೆ, ಸ್ಟೀರಿಂಗಿನೊಳಗೆ ಸುರುಳಿ ಸುತ್ತಿರುವ ಪಟ್ಟಿ ತುಂಡಾಗಿರುವ ಸಂಭವ ಹೆಚ್ಚು. ಅದು ಬಲ್ಲವರ ಕೆಲಸ.

ಹಾರನ್ ನಿಲ್ಲದೆ ಕೂಗತೊಡಗಿದರೆ ಗಾಬರಿಯಾಗದೆ ಅದರ ಫ್ಯೂಸ್ ಕೀಳಿರಿ. ಆಮೇಲೆ ಮತ್ತೆ ಹಾಕಲು ಮರೆಯಬೇಡಿರಿ, ಮರೆತವರನ್ನು ಕಂಡಿದ್ದೇನೆ. ಇನ್ನು, ಹೇಗೂ ಬದಲಾಯಿಸುತ್ತೇವಲ್ಲ ಎಂದು ಹಲವು ರಾಗದ ಹಾರನ್ ಹಾಕಿಸುವ ಹುಡುಗರಿಗೆ ಒಂದು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೆಯದು ಅದನ್ನು ನಿಷೇಧಿಸುತ್ತದೆ. ಟ್ರ್ಯಾಕ್ಟರಿಗೂ ಹಾರನ್ ಇರಬೇಕೆಂದು ಹೇಳುವುದೂ ಅದೇ ನಿಯಮ.

ಬಲ್ಬು, ತಂತಿ, ಎಮರಿ ಕಾಗದ ನನ್ನ ಚೀಲದಲ್ಲಿವೆ. ಭಾಷಣ ಮುಗಿದ ಮೇಲೆ ಹೊರಗೆ ನಿಂತಿರುವ ವಾಹನಗಳ ಹಾರನ್ನನ್ನು ಒಂದೊಂದಾಗಿ ಒತ್ತಿ ನೋಡೋಣ. ಮೂಕವಾದದ್ದು ಸಿಕ್ಕರೆ ತಮ್ಮ ಕೈಯಿಂದಲೇ ರಿಪೇರಿ ಮಾಡಿಸುತ್ತೇನೆ.