ಘಟ್ಟದ ಕೆಳಗಿನ ಊರಿನಲ್ಲಿ ಒಂದು ದಿನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆಯಿಂದ ಅನೇಕರು ಶಾಲೆಯ ನೆನಪುಗಳನ್ನು ಹೇಳಿದ್ದಾರೆ. ನಾನು ಶಾಲೆಯ ಮುಂದೆ ಒಂದು ಬೇಡಿಕೆ ಇಡುವವನಿದ್ದೇನೆ. ಅದಕ್ಕೆ ಮೊದಲು, ಕಳೆದ ಬೇಸಿಗೆ ರಜೆಯಲ್ಲಿ ಭಟ್ಕಳದಲ್ಲಿ ಕಳೆದ ಒಂದು ದಿನದ ವಿಚಾರ ಹೇಳಬೇಕು.

ಕೆಲವರು ನಗುತ್ತಿದ್ದೀರಿ. ಸರಿಯೇ. ಬ್ಯಾಕೋಡಿನವರಿಗೆ ಭಟ್ಕಳವೆಂದರೆ ಮದುವೆ ಜವಳಿ, ಒಣಮೀನು, ಡಾಕ್ಟರು. ಕೆಲಸ ಮುಗಿಸಿ ಕತ್ತಲಾಗುವ ಮೊದಲು ಘಟ್ಟ ಹತ್ತುವುದು ನಮ್ಮ ರೂಢಿ. ಆ ಊರನ್ನು ನೋಡಲೆಂದೇ ಹೋಗುವವರು ಕಡಿಮೆ. ನಾನು, ನನ್ನ ಅಕ್ಕ, ಒಂಬತ್ತನೇ ತರಗತಿ ಮುಗಿಸಿದ ಅವಳ ಮಗಳು, ಮೂವರು ಬೆಳಿಗ್ಗೆಯೇ ಹೊರಟೆವು. ಸಾಮಾನಿನ ಚೀಟಿ ಬೇಡವೆಂದು ಅಕ್ಕನಿಗೆ ಮೊದಲೇ ಹೇಳಿದ್ದೆ.

ಕಟ್ಟಿನಕಾರು, ಕೋಗಾರು ದಾಟಿ ಘಟ್ಟ ಇಳಿದು ಮೊದಲು ನಿಂತದ್ದು ಹಾಡುವಳ್ಳಿಯಲ್ಲಿ. ಹಿಂದೆ ಇದರ ಹೆಸರು ಸಂಗೀತಪುರ. ಸಾಳುವ ಅರಸರ ರಾಜಧಾನಿ. ಬಸದಿಯಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಕಲ್ಲಿನ ಬಿಂಬಗಳಿವೆ. ಕನ್ನಡ ಮೇಷ್ಟ್ರುಗಳಿಗೆ ಇನ್ನೊಂದು ಕಾರಣಕ್ಕೆ ಇದು ದೊಡ್ಡ ಊರು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಎಂಬ ವ್ಯಾಕರಣ ಬರೆದ ಭಟ್ಟಾಕಳಂಕದೇವ ಇಲ್ಲಿಯ ಮಠದ ಗುರುಗಳ ಶಿಷ್ಯ. ಕನ್ನಡದ ನಿಯಮಗಳನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹೇಳಿದ ಪಂಡಿತ ಅವನು. ನಮ್ಮ ಮಕ್ಕಳು ಸಂಧಿ ಸಮಾಸ ಬಾಯಿಪಾಠ ಮಾಡುವ ಈ ಶಾಲೆಯಿಂದ ಘಟ್ಟ ಇಳಿದರೆ ಅವನ ಗುರುಗಳ ಊರು.

ಅಲ್ಲಿಂದ ಭಟ್ಕಳ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಆ ಊರಿನ ಬಸದಿಗಳಲ್ಲೆಲ್ಲ ದೊಡ್ಡದು. ಅದರ ಮಾಡನ್ನು ನೋಡಿ ಅಕ್ಕ ಹೇಳಿದಳು: "ಇದು ನಮ್ಮ ಮನೆ ಮಾಡಿನ ಹಾಗೇ ಇದೆಯಲ್ಲೋ." ಅವಳ ಮಾತು ನಿಜ. ಇಲ್ಲಿಯ ಮಳೆಗೆ ಬಯಲುಸೀಮೆಯ ಚಪ್ಪಟೆ ಮಾಳಿಗೆ ಆಗದು. ಅದಕ್ಕೇ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಲ್ಲೂ ಅದೇ ರೀತಿ. ಹದಿನಾರನೇ ಶತಮಾನದ ಈ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ಕಥೆ ಸಾಲಾಗಿ ಕೆತ್ತಿದ್ದಾರೆ. ಮರಗೆಲಸದಲ್ಲಿ ಪಳಗಿದ ಕೈಗಳು ಕಲ್ಲು ಹಿಡಿದಂತೆ ಕಾಣುತ್ತದೆ.

ಹಳೆಯ ಪೇಟೆಯ ಓಣಿಗಳಲ್ಲಿ ನಡೆದು ಜಾಮಿಯಾ ಮಸೀದಿಯ ಕಡೆ ಹೋದೆವು. ಮೇಲಿನ ಹೊನ್ನಿನ ಕಳಶದಿಂದ ಅದಕ್ಕೆ ಚಿನ್ನದ ಪಳ್ಳಿ ಎಂದೇ ಹೆಸರು. ಸುತ್ತ ನವಾಯತರ ಮನೆಗಳು. ಅವರ ಮಾತು ಕೊಂಕಣಿಯ ಬಳಗದ್ದು, ಬರೆಯುವುದು ಅರಬ್ಬಿ ಮೂಲದ ಲಿಪಿಯಲ್ಲಿ. ಕಡಲಾಚೆಯ ವ್ಯಾಪಾರ ಒಂದು ಊರಿನ ನಾಲಿಗೆಯನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಡ. ಮಧ್ಯಾಹ್ನ ಹೋಟೆಲಿನಲ್ಲಿ ನಾನು ಭಟ್ಕಳ ಬಿರಿಯಾನಿ ಉಂಡೆ, ಅಕ್ಕ ಊಟಕ್ಕಿಂತ ಮಲ್ಲಿಗೆ ದಂಡೆಯ ಚೌಕಾಸಿಯಲ್ಲಿ ಹೆಚ್ಚು ಹೊತ್ತು ಕಳೆದಳು.

ಸಂಜೆ ಬಂದರಿಗೆ ಹೋದೆವು. ಈಗ ಅಲ್ಲಿ ಮೀನುಗಾರರ ದೋಣಿಗಳು. ಒಂದು ಕಾಲಕ್ಕೆ ವಿಜಯನಗರಕ್ಕೆ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ರೇವುಗಳಲ್ಲಿ ಇದೂ ಒಂದು. 1502ರಲ್ಲಿ ವಾಸ್ಕೋ ಡ ಗಾಮ ಹಡಗುಗಳೊಡನೆ ಬಂದು ಈ ಊರಿನ ಮೇಲೆ ಅಕ್ಕಿಯ ಕಪ್ಪ ಹೇರಿದ. ಆಮೇಲೆ ಗೇರುಸೊಪ್ಪೆಯ ಚೆನ್ನಭೈರಾದೇವಿ ಈ ಕರಾವಳಿಯನ್ನು ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದರು. ಅವಳ ನಂತರ ಈ ಸೀಮೆ ನಮ್ಮ ಕೆಳದಿ ಅರಸರ ಕೈಗೆ ಬಂತು.

ಇಷ್ಟು ಹೇಳುವಷ್ಟರಲ್ಲಿ ಹುಡುಗಿ ಕೇಳಿದಳು: "ಮಾವ, ಈ ಪೇಟೇಲಿ ಒಂದೂ ಮೆಣಸಿನ ಬಳ್ಳಿ ಕಾಣ್ಲಿಲ್ಲ. ಮೆಣಸಿಗೆ ಹಡಗು ಇಲ್ಲಿಗ್ಯಾಕೆ ಬಂತು?"

ನಾನು ಮೂಡಲ ದಿಕ್ಕಿಗೆ ಕೈ ತೋರಿಸಿದೆ. ಘಟ್ಟ ನೀಲಿಯಾಗಿ ಕಾಣುತ್ತಿತ್ತು. ಬಳ್ಳಿ ಇರುವುದು ಅಲ್ಲಿ, ನಮ್ಮ ಅಡಿಕೆ ಮರಗಳ ಮೇಲೆ. ಹೇರೆತ್ತುಗಳ ಬೆನ್ನ ಮೇಲೆ ಮೆಣಸು, ಅಕ್ಕಿ ಘಟ್ಟ ಇಳಿದವು. ಉಪ್ಪು, ಬಟ್ಟೆ, ಕುದುರೆ ಘಟ್ಟ ಹತ್ತಿದವು. ಆ ಬಸದಿ, ಗುಡಿ, ಪಳ್ಳಿಗಳ ಹಿಂದಿನ ಸಂಪತ್ತಿನಲ್ಲಿ ಘಟ್ಟದ ಮೇಲಿನವರ ಬೆವರಿನ ಪಾಲೂ ಇದೆ.

ಬಂಧುಗಳೇ, ನನ್ನ ಮಾತಿನ ತಿರುಳು ಇದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ನಮಗೆ ‘ದ್ವೀಪದವರು’ ಎಂಬ ಹೆಸರು ಬಂತು. ಮಕ್ಕಳೂ ಹಾಗೇ ಹೇಳಿಕೊಂಡು ಬೆಳೆದರು: ನಾವು ಮೂಲೆಯವರು, ಎಲ್ಲದಕ್ಕೂ ಲಾಂಚ್ ಕಾಯುವವರು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಬಹಳ ಸಂತೋಷ. ಇನ್ನು ಎಲ್ಲರ ಮುಖ ಸಾಗರ, ಶಿವಮೊಗ್ಗದ ಕಡೆಗೆ ತಿರುಗುತ್ತದೆ. ತಿರುಗಲಿ. ಆದರೆ ನೀರು ನಿಲ್ಲುವುದಕ್ಕೂ ನೂರಾರು ವರ್ಷ ಮೊದಲು ಈ ಸೀಮೆಯ ಬೆಳೆ ಕಡಲು ದಾಟುತ್ತಿತ್ತು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಗೊತ್ತಿರುವ ಮಗು ತನ್ನ ಊರನ್ನು ಮೂಲೆ ಎನ್ನುವುದಿಲ್ಲ.

ಇನ್ನೊಂದು ವಿಷಯ. ಭಟ್ಕಳ ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಗಲಾಟೆಯ ಸುದ್ದಿಗೆ. ಅದೇ ಊರಿನಲ್ಲಿ ರಾಮನವಮಿಗೆ ಚನ್ನಪಟ್ಟಣ ಹನುಮಂತ ದೇವರ ತೇರು ಎಳೆಯುವ ಮೊದಲು ಒಂದು ಮುಸ್ಲಿಂ ಮನೆತನಕ್ಕೆ ಫಲತಾಂಬೂಲ ಕೊಟ್ಟು ಕರೆಯುವ ಪದ್ಧತಿ ಇದೆ. ಇದನ್ನೂ ಮಕ್ಕಳು ತಿಳಿಯಲಿ. ಕೇಳಿದ್ದಕ್ಕಿಂತ ಕಣ್ಣಾರೆ ಕಂಡದ್ದು ಮನಸ್ಸಿನಲ್ಲಿ ನಿಲ್ಲುತ್ತದೆ.

ಆದ್ದರಿಂದ ನನ್ನ ಬೇಡಿಕೆ. ಶಾಲೆಯ ಪ್ರವಾಸ ಮೈಸೂರು, ಹಂಪಿಗೆ ಹೋಗಲಿ. ಅದರ ಜೊತೆಗೆ ಪ್ರತಿವರ್ಷ ಒಂಬತ್ತನೇ ತರಗತಿಯವರನ್ನು ಒಂದು ದಿನ ಹಾಡುವಳ್ಳಿ, ಭಟ್ಕಳಕ್ಕೆ ಕರೆದೊಯ್ಯಿರಿ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಹಣ ಇಲ್ಲವೆಂದು ಒಂದು ಮಗುವೂ ಉಳಿಯಬಾರದು. ವಾಹನದ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹಂಚಿಕೊಳ್ಳೋಣ. ನನ್ನ ಪಾಲನ್ನು ಇಂದೇ ಕೊಡುತ್ತೇನೆ. ಹೇರೆತ್ತಿನ ಹಾದಿಯ ಕಥೆ ಕೇಳಿ ಬಲ್ಲ ಅಜ್ಜ ಅಜ್ಜಿಯರು ಮಕ್ಕಳಿಗೆ ಹೇಳಿರಿ. ಮಕ್ಕಳು ನೋಡಿದ್ದನ್ನೂ ಕೇಳಿದ್ದನ್ನೂ ಬರೆದಿಡಲಿ. ಈ ಶಾಲೆಯ ವಜ್ರ ಮಹೋತ್ಸವದ ಸಂಚಿಕೆಗೆ ಆ ಬರಹಗಳೇ ಸಾಕು.